ಸೀಸದ ತಗಡಿನ ಕೊನೆಯ ಸಾಲು

"ಎಲ್ಲಾ ಮುಟ್ಟು, ನೋಡು, ಬರ್ಕೋ. ಆ ಮೊಳೆ ಮಾತ್ರ ಕೀಳಬೇಡ ಕಣೇ ಆಶ್ರಿತಾ."

ಆಶ್ರಿತಾ ನಕ್ಕಳು. "ಕಿತ್ರೆ ಏನಾಗತ್ತೆ ಉಷಕ್ಕಾ? ರೋಮ್‌ನಿಂದ ಯಾರಾದ್ರೂ ಎದ್ದು ಬರ್ತಾರಾ?"

ಉಷಾ ನಗಲಿಲ್ಲ. "ಹೇಳೋದು ಹೇಳಿದೀನಿ. ಕೇಳಿಸ್ಕೊಂಡೆ ತಾನೇ?" ಎಂದು ಮೆಟ್ಟಿಲು ಹತ್ತಿ ಹೋದಳು.

ಪಸಡೀನಾದ ಆ ಹಳೆಯ ಬಂಗಲೆಯ ಯಜಮಾನ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವನು ನೆಲಮಾಳಿಗೆಯಲ್ಲಿ ಕೂಡಿಟ್ಟಿದ್ದ ರೋಮನ್ ಕಾಲದ ವಸ್ತುಗಳಿಗೆ ಪಟ್ಟಿ ಮಾಡುವುದು ಉಷಾಳ ಕೆಲಸ. ಆಶ್ರಿತಾ ಲ್ಯಾಟಿನ್ ಓದಲು ಈ ದೇಶಕ್ಕೆ ಬಂದು ಇನ್ನೂ ಐದು ವಾರ. ಏರ್‌ಪೋರ್ಟಿನಿಂದ ಕರೆತಂದು, ವೆಸ್ಟ್ ಕೊವಿನಾದ ತನ್ನ ಮನೆಯಲ್ಲಿ ಜಾಗ ಕೊಟ್ಟು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಉಷಾ. ಆಶ್ರಿತಾ ರೋಮಿನ ಪೂಜಾರಿಣಿಯರ ಮೇಲೆ ಕಾದಂಬರಿ ಬರೆಯುತ್ತಿದ್ದಾಳೆಂದು ತಿಳಿದು, ಈ ತಗಡು ತೋರಿಸಲು ಕರೆದವಳೂ ಅವಳೇ.

ಅಂಗೈಯಗಲದ ಸೀಸದ ತಗಡು. ನಾಲ್ಕಾಗಿ ಮಡಿಚಿ, ನಡುವೆ ಕಂಚಿನ ಮೊಳೆ ಹೊಡೆದಿತ್ತು. ಬರೆಸಿದವಳು ಆಲ್ಬಿಯಾ ಎಂದು ಯಜಮಾನ ಅದರ ಪೆಟ್ಟಿಗೆಯ ಮೇಲೆ ಬರೆದಿಟ್ಟಿದ್ದ. ವೆಸ್ತಾ ದೇವಿಯ ಆರದ ಬೆಂಕಿ ಕಾಯಲು ಏಳನೇ ವಯಸ್ಸಿಗೇ ಗುಡಿ ಸೇರಿದವಳು. ಬೆಂಕಿ ಆರಿದರೆ ಚಾಟಿಯೇಟು, ವ್ರತ ಕೆಟ್ಟರೆ ಜೀವಂತ ಸಮಾಧಿ. ಆಲ್ಬಿಯಾ ತಪ್ಪು ಮಾಡಿರಲಿಲ್ಲ. ಒಡಹುಟ್ಟಿದವಳಂತಿದ್ದ ಜೊತೆಯ ಪೂಜಾರಿಣಿ ತನ್ನ ತಲೆ ಉಳಿಸಿಕೊಳ್ಳಲು ಸುಳ್ಳು ಸಾಕ್ಷಿ ಹೇಳಿದ್ದಳು. ಒಂದು ದೀಪ, ಒಂದು ರೊಟ್ಟಿ, ಒಂದು ಕುಡಿಕೆ ನೀರು ಕೊಟ್ಟು ಅವಳನ್ನು ನೆಲದಡಿ ಇಳಿಸಿದರು. ಇಳಿಯುವ ಮುನ್ನ ಅವಳು ಮಾಡಿಸಿದ ಮಾಟವಿದು.

ಓದದೆ ಬಿಡುವುದುಂಟೇ? ಆಶ್ರಿತಾ ಮೊಳೆ ಎಳೆದಳು. ಬೆಣ್ಣೆಯಲ್ಲಿ ನೆಟ್ಟಂತೆ ಸಲೀಸಾಗಿ ಬಂತು.

ಟ್ಯೂಬ್‌ಲೈಟ್ ಆರಿತು. ಕೈಯಲ್ಲಿದ್ದ ಫೋನ್ ಕೂಡ ಕಪ್ಪಾಯಿತು. ಮೇಲೆ ಬಾಗಿಲ ಚಿಲಕ ಬಿದ್ದ ಸದ್ದು.

"ಉಷಕ್ಕಾ! ಕರೆಂಟ್ ಹೋಯ್ತು!"

ಬಾಗಿಲಾಚೆ ಲೈಟರ್ ಗೀರಿದ ಸದ್ದು. ಬಾಗಿಲ ಸಂದಿಯಲ್ಲಿ ಹಳದಿ ಬೆಳಕು ಕುಣಿಯಿತು. ಆಮೇಲೆ ಅಳು. ಅಲ್ಲ, ನಗು.

"ಉರೀತಿದೆ ಕಣೇ... ಆರ್ತಾ ಇಲ್ಲ! ಮೂರು ವರ್ಷ ಆಯ್ತು. ದೇವ್ರ ಮುಂದೆ ಒಂದು ದೀಪ ನಿಲ್ತಿರ್ಲಿಲ್ಲ. ರಾತ್ರಿ ಮಲಗಿದ್ರೆ ಬಾಯ್ತುಂಬಾ ಮಣ್ಣು..."

"ನೀವೂ ಆ ಮೊಳೆ ಕಿತ್ತಿದ್ರಾ?"

"ಕಿತ್ತೆ. ತಿರುಗಾ ಹೊಡೆದೆ. ಬಿಚ್ಚೋ ಧೈರ್ಯ ಬರ್ಲಿಲ್ಲ. ಬೇಡ ಅಂದ್ರೂ ನಕ್ಕು ಕೀಳೋರು ಬೇಕಿತ್ತು. ಆಗ್ಲೇ ಈ ಮಾಟ ನನ್ನ ಬಿಟ್ಟು ಅವ್ರಿಗೆ ದಾಟೋದಂತೆ, ಯಜಮಾನ್ರು ಬರೆದಿಟ್ಟಿದ್ರು. ಕ್ಷಮಿಸ್ಬಿಡೇ."

ಆಶ್ರಿತಾ ಬಾಗಿಲ ಸಂದಿಯ ಬೆಳಕಿನತ್ತ ತಿರುಗಿದಳು. ಜ್ವರದ ಹಣೆಯ ಮೇಲಿದ್ದ ಆ ಕೈ ಆಗಲೇ ತನ್ನನ್ನು ಅಳೆಯುತ್ತಿತ್ತೇ?

ಕತ್ತಲು ಹತ್ತಿರ ಸರಿಯಿತು. ಹಸಿ ಮಣ್ಣಿನ ವಾಸನೆ. ಆರಿದ ಬತ್ತಿಯ ಕಮಟು. ತಲೆಯ ಮೇಲೆ ಸಲಿಕೆಯ ಸದ್ದು. ಒಂದು. ಇನ್ನೊಂದು. ಕೂದಲ ಮೇಲೆ ಪುಡಿ ಉದುರಿತು. ಕೊರಳೊಳಗೆ ಇಳಿಯಿತು. ಕೆಮ್ಮಿದಳು. ನಾಲಿಗೆಯ ಮೇಲೆ ಮರಳು. ಉಸಿರಿಲ್ಲ. ಪಕ್ಕದಲ್ಲಿ ಇನ್ನೊಬ್ಬಳು ಉಸಿರಿಗೆ ಒದ್ದಾಡುತ್ತಿದ್ದಳು.

ತಗಡು ಇನ್ನೂ ಮುಷ್ಟಿಯಲ್ಲಿತ್ತು. ಬಿಚ್ಚಿದಳು. ಮೆತ್ತನೆಯ ಸೀಸ ಮಡಿಕೆ ಬಿಟ್ಟುಕೊಟ್ಟಿತು. ಕಣ್ಣಿಗೆ ಕಾಣದ್ದು ಬೆರಳಿಗೆ ತಾಗಿತು, ಕೊರೆದ ಅಕ್ಷರಗಳು. ಉಗುರಿನಿಂದ ತಡವಿ ಒಂದೊಂದೇ ಕೂಡಿಸಿದಳು. ದೇವತೆಗಳ ಹೆಸರು. ಬೆಂಕಿಯ ಮೇಲೆ ಆಣೆ. ಕೊನೆಯ ಮಡಿಕೆಯಡಿ, ಯಾರೂ ಬಿಚ್ಚಿ ನೋಡದ ಕಡೆ, ಒಂದೇ ಸಾಲು:

*ನಂಬಿಸಿ ತನ್ನ ಬದಲು ಇನ್ನೊಬ್ಬಳನ್ನು ಕೆಳಗಿಳಿಸಿದವಳು ಯಾರೋ, ಈ ಮಣ್ಣು ಅವಳ ಬಾಯಿಗೆ.*

ಆಶ್ರಿತಾಳ ಬೆರಳು ಆ ಸಾಲಿನ ಮೇಲೇ ನಿಂತಿತು. ಮೇಲೆ ಉಷಾ ಇನ್ನೂ ಅಳುತ್ತಿದ್ದಳು.

ಆಶ್ರಿತಾ ಬಾಯಿ ತೆರೆದಳು.

ಸಲಿಕೆ ನಿಂತಿತು. ಕೊರಳು ಹಗುರಾಯಿತು. ಮೇಲೆ ಏನೋ ಧೊಪ್ಪನೆ ಬಿತ್ತು. ನೆಲವನ್ನು ಉಗುರಿನಿಂದ ಪರಚುವ ಸದ್ದು. ಆಮೇಲೆ ಅದೂ ಇಲ್ಲ.

ತೆವಳುತ್ತಾ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಳು. ತೆರೆಯಿತು. ಕಣ್ಣು ಕುಕ್ಕುವ ಮಧ್ಯಾಹ್ನದ ಬಿಸಿಲು. ಹೊಸ್ತಿಲ ಪಕ್ಕ ಉಷಾ ಅಂಗಾತ ಬಿದ್ದಿದ್ದಳು. ತುಟಿಯಿಂದ ಕೆನ್ನೆಗೆ ಹಸಿ ಕೆಂಪು ಮಣ್ಣು ಉಕ್ಕಿತ್ತು. ಒಂದು ಕೈ ಇನ್ನೂ ಚಿಲಕದತ್ತ ಚಾಚಿತ್ತು. ಚಿಲಕ ತೆಗೆದಿತ್ತು.

ಯಾವಾಗ ತೆಗೆದಳು? ಮಣ್ಣು ಬರುವ ಮೊದಲೋ, ಆಮೇಲೋ?

ಆಂಬುಲೆನ್ಸಿನವರು ಏನೇನೋ ಕೇಳಿದರು. ಆಶ್ರಿತಾ ಮುಷ್ಟಿಯೊಳಗಿನ ತಗಡನ್ನು ಮತ್ತೆ ಮಡಿಚಿದಳು. ಆ ಸಾಲನ್ನು ಅವಳು ಮನಸ್ಸಿನಲ್ಲೇ ಓದಿಕೊಳ್ಳಬಹುದಿತ್ತು. ಬಾಗಿಲಿಗೆ ಮುಖ ಮಾಡಿ, ಗಟ್ಟಿಯಾಗಿ ಓದಿದ್ದಳು.