ಫಿಲ್ಟರ್ ತೆಗೆದ ಕೈ

"ಅಮ್ಮಾ, ಸಂಜೆಯೊಳಗೆ ರಾಜೀನಾಮೆ ಕೊಡು ಅಂತಿದಾರೆ. ನೀವೇ ಕಾಪಾಡ್ಬೇಕು," ಎಂದು ಪಕ್ಕದ ಮನೆಯ ಕಂಪ್ಯೂಟರ್ ಟೀಚರ್ ನಮ್ಮ ಅಡುಗೆಮನೆಯಲ್ಲೇ ಅತ್ತೆಯ ಮುಂದೆ ಕುಸಿದು ಕೂತಳು.

ಅವತ್ತು ಬೆಳಗ್ಗೆ ಮೊದಲ ಪೀರಿಯಡ್ಡಿನಲ್ಲಿ ಇವಳು ಐದನೇ ತರಗತಿಗೆ ಗ್ರಹಗಳ ಪಾಠ ತೋರಿಸುತ್ತಿದ್ದಾಗ, ಗೋಡೆಯಗಲದ ಪರದೆಯ ಮೇಲೆ ಇಸ್ಪೀಟಿನ ಜಾಹೀರಾತು, ಅದರಲ್ಲೊಬ್ಬಳು ಅರೆಬೆತ್ತಲೆ ಹೆಂಗಸು! ಪಾಠ ಶುರುವಾದಾಗ, ಇಡೀ ಶಾಲೆಯ ಇಂಟರ್ನೆಟ್ಟಿನಲ್ಲಿ ಕೆಟ್ಟ ಪುಟಗಳನ್ನು ತಡೆಯುವ ಫಿಲ್ಟರಿನ ಹಸಿರು ಗುರುತು ಇದ್ದದ್ದನ್ನು ಮಕ್ಕಳೇ ನೋಡಿದ್ದರು. ನಡುವೆ ಯಾರೋ ಅದನ್ನು ತೆಗೆದಿದ್ದರು. ತೆಗೆಯಲು ಬರುತ್ತಿದ್ದದ್ದು ಎರಡೇ ಕಂಪ್ಯೂಟರಿನಿಂದ: ತರಗತಿಯದು, ಹೆಡ್‌ಮಾಸ್ಟರದು. ಹೆಡ್‌ಮಾಸ್ಟರೋ ಸಾಕ್ಷಾತ್ ದೇವರು. ಹಾಗಾಗಿ ತಪ್ಪು ಇವಳದೇ!

ನಮ್ಮತ್ತೆ ಕೈ ಒರೆಸಿಕೊಂಡು ಎದ್ದರು. ಆಯುಷ್ಯವಿಡೀ ಕೋರ್ಟಿನಲ್ಲಿ ಸುಳ್ಳುಸಾಕ್ಷಿಗಳನ್ನು ಟೈಪು ಮಾಡಿದ ಅವರೆದುರು ನಮ್ಮ ಬೀದಿಯ ಯಾವ ಗುಟ್ಟೂ ನಿಂತದ್ದಿಲ್ಲ. ಸೊಸೆ ನಾನು, ಎಂದಿನಂತೆ ಬೆನ್ನಿಗೆ ಹೊರಟೆ.

'ಮಕ್ಕಳ ಮನಸ್ಸು ಹೂವು' ಎಂದು ಗೋಡೆಗೆ ಬರೆಸಿಕೊಂಡ ಮಹಾನುಭಾವ ಹೆಡ್‌ಮಾಸ್ಟರ್ ತನ್ನ ಕೋಣೆಯಲ್ಲಿ ನಮ್ಮನ್ನು ಕೂರಿಸಿದ.

"ಕಂಪ್ಯೂಟರಿನ ಗಂಧಗಾಳಿ ನನಗಿಲ್ಲ ತಾಯಿ. ಇದನ್ನ ಮುಟ್ಟಿ ವರ್ಷವಾಯ್ತು."

ಪರದೆಯ ನೆತ್ತಿಯ ಮೇಲೆ ಧೂಳಿತ್ತು. ಮೌಸ್ ಮಾತ್ರ ಬೆಳಗಿದ ತಟ್ಟೆಯಂತೆ ಹೊಳೆಯುತ್ತಿತ್ತು. ಹೊರಗೆ ಬಂದ ಅತ್ತೆ ಟೀಚರ್ ಕಿವಿಯಲ್ಲಿ, "ಫಿಲ್ಟರ್ ಹಾಕು, ಅದನ್ನ ತೆಗೆಯೋ ಪಾಸ್‌ವರ್ಡ್ ಬದಲಾಯಿಸು, ಬಾಯಿ ಬಿಡಬೇಡ," ಎಂದರು.

ಊಟದ ಬಿಡುವು ಮುಗಿಯುತ್ತಿದ್ದಂತೆ ಅತ್ತೆ ಕರೆಸಿದ್ದ ಆಡಳಿತ ಸಮಿತಿಯ ಅಧ್ಯಕ್ಷರೊಂದಿಗೆ ಎಲ್ಲರೂ ಅದೇ ಕೋಣೆಯಲ್ಲಿ ಸೇರಿದೆವು.

"ನೋಡಿ ಸಾರ್," ಅತ್ತೆ ಶುರುಮಾಡಿದರು, "ಕ್ಲಾಸಿನ ಕಂಪ್ಯೂಟರಲ್ಲಿ ಏನು ಮಾಡಿದ್ರೂ ಗೋಡೆ ಮೇಲೆ ಕಾಣತ್ತೆ. ಇವಳು ಫಿಲ್ಟರ್ ತೆಗೆದಿದ್ರೆ ಮಕ್ಕಳು ನೋಡ್ತಿದ್ರು. ವಿಚಾರಿಸಿದೆ, ಒಬ್ಬರೂ ನೋಡಿಲ್ಲ. ಅಂದ್ಮೇಲೆ ತೆಗೆದಿದ್ದು ಇಲ್ಲಿಂದ. ಇನ್ನು ಆ ಜಾಹೀರಾತು. ಒಂದೇ ಇಂಟರ್ನೆಟ್ ಲೈನಿನಲ್ಲಿ ಯಾರು ಏನು ಆಡ್ತಾರೋ, ಅದರ ಜಾಹೀರಾತೇ ಎಲ್ಲರಿಗೂ ಬರೋದುಂಟು. ಐದನೇ ಕ್ಲಾಸಿನವರು ಇಸ್ಪೀಟು ಆಡ್ತಾರಾ? ಮುಟ್ಟದ ಮೌಸು ಹೊಳೆಯತ್ತಾ? ಆಟಕ್ಕೆ ಫಿಲ್ಟರ್ ಅಡ್ಡಿ ಅಂತ ತೆಗೆದ್ರು, ಆಟದ ಅಮಲಲ್ಲಿ ಮತ್ತೆ ಹಾಕೋದು ಮರೆತ್ರು."

"ಶುದ್ಧ ಸುಳ್ಳು! ನಾನು ಆಟ ಆಡ್ತೀನಾ?"

"ಹೌದಾ? ಬೆಳಗ್ಗೆಯೇ ಫಿಲ್ಟರ್ ಮತ್ತೆ ಹಾಕಿಸಿದೀನಿ. ಪರದೆ ಸ್ವಲ್ಪ ಈ ಕಡೆ ತಿರುಗಿಸಿ."

ಹೆಡ್‌ಮಾಸ್ಟರ್ ಎರಡೂ ಕೈಯಿಂದ ಪರದೆಯನ್ನು ತಬ್ಬಿಕೊಂಡ. ಥೂ, ಹೇಳೋದು ಶಾಸ್ತ್ರ, ಇಕ್ಕೋದು ಗಾಳ! ಅಧ್ಯಕ್ಷರು ಆ ಕೈಗಳನ್ನು ಬಿಡಿಸಿ ಪರದೆ ತಿರುಗಿಸಿದರು. ಊಟದ ಬಿಡುವಿನಲ್ಲಿ ಅವನು ತೆರೆಯಲು ಹೆಣಗಾಡಿದ್ದ ಇಸ್ಪೀಟಿನ ಪುಟದ ವಿಳಾಸ ಮೇಲಿತ್ತು. ಅದರ ಕೆಳಗೆ ಕೆಂಪಕ್ಷರ: 'ಇದು ಮಕ್ಕಳಿಗೆ ತಕ್ಕದ್ದಲ್ಲ.'

ಟೀಚರ್ ಅದನ್ನು ಗಟ್ಟಿಯಾಗಿ ಓದಿದಳು. ಬೆಳಗಿನಿಂದ ಅತ್ತಿದ್ದ ಹುಡುಗಿ ಈಗ ಅವನ ಮುಖವನ್ನೇ ನೋಡುತ್ತಿದ್ದಳು.

ಅವಳ ಸಹಿಗೆಂದು ಸಿದ್ಧಮಾಡಿದ್ದ ರಾಜೀನಾಮೆ ಕಾಗದ ಮೇಜಿನ ಮೇಲೇ ಇತ್ತು. ಅಧ್ಯಕ್ಷರು ಅದನ್ನು ಹೆಡ್‌ಮಾಸ್ಟರ ಕಡೆಗೆ ತಳ್ಳಿದರು.

"ಹೆಸರು ತಿದ್ದಿ ಸಹಿ ಹಾಕಿ."