ಹದಿನಾಲ್ಕನೆಯ ಹೆಸರು

2003ನೇ ಇಸವಿ ಮಾರ್ಚ್ 12, ಬುಧವಾರ. ಬೆಳಿಗ್ಗೆ 9.40ಕ್ಕೆ ಹಗರೆಯ ಕೆಂಪಲಕ್ಷ್ಮಮ್ಮ ಬೇಲೂರು ಠಾಣೆಯ ಮೆಟ್ಟಿಲು ಹತ್ತಿದರು. ವಯಸ್ಸು ಅರವತ್ತೇಳು, ದನಿ ಮಾತ್ರ ಇಪ್ಪತ್ತೇಳರದು. ಮಗ ತಿಮ್ಮೇಶ್ ಒಲ್ಲದ ಮನಸ್ಸಿನಿಂದ ಬಾಗಿಲಲ್ಲೇ ನಿಂತ.

"ನಮ್ಮನೆ ಫೋಟೋ ಕದ್ದವ್ರೆ ಸ್ವಾಮಿ."

"ಮತ್ತೇನು ಹೋಗಿದೆ?" ಸಬ್ ಇನ್ಸ್‌ಪೆಕ್ಟರ್ ಗಂಗಾಧರಪ್ಪ ಕೇಳಿದರು.

"ಏನೂ ಇಲ್ಲ. ಟಿ.ವಿ. ಅಲ್ಲೇ ಐತೆ, ಬೆಳ್ಳಿ ದೀಪ ಅಲ್ಲೇ ಐತೆ."

"ಒಂದು ಹಳೇ ಫೋಟೋಗೆ ಎಫ್‌ಐಆರ್ ಬೇಕಾ ಅಮ್ಮ?"

"ಬೇಕು. ನಮ್ಮ ಯಜಮಾನ್ರು ನಗ್ತಾ ಇರೋ ಅಸಲು ಫೋಟೋ ಅದೊಂದೇ."

ಗಂಗಾಧರಪ್ಪ ಎಫ್‌ಐಆರ್ ಬರೆಸಿದರು. ದೂರು ಸಣ್ಣದೆಂದು ಯಾರನ್ನೂ ವಾಪಸು ಕಳಿಸಿದವರಲ್ಲ ಅವರು. ಈ ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ.

11.30ಕ್ಕೆ ಹಗರೆಯಲ್ಲಿ ಪಂಚನಾಮೆ ನಡೆಯಿತು. ಹಿಂದಿನ ಸಂಜೆ ಮನೆಮಂದಿಯೆಲ್ಲ ಹಾಲು ಕರೆದು ಡೈರಿಗೆ ಹಾಕಲು ಹೋದಾಗ ಕಳ್ಳತನವಾಗಿತ್ತು. ಗೋಡೆಯ ಮೊಳೆ ಖಾಲಿ. ಪಕ್ಕದಲ್ಲಿ ಅದೇ ಫೋಟೋವನ್ನು ದೊಡ್ಡದು ಮಾಡಿಸಿ, ಬಣ್ಣ ತುಂಬಿಸಿ, ಹೊಸ ಕಟ್ಟು ಹಾಕಿಸಿದ್ದು ತೂಗುತ್ತಿತ್ತು. ಕಳ್ಳ ಅದನ್ನು ಮುಟ್ಟಿರಲಿಲ್ಲ.

"ಸರ್, ಇಲ್ನೋಡಿ!" ಮಹಿಳಾ ಪೇದೆ ಶ್ಯಾಮಲಾ ಕರೆದಳು. ಮೊಳೆಯ ಕೆಳಗಿನ ಮಣೆಯ ಮೇಲೆ ಐದು ವೀಳ್ಯದೆಲೆ, ಎರಡು ಅಡಿಕೆ, ಒಂದು ತೆಂಗಿನಕಾಯಿ. ಅವು ತಮ್ಮ ಮನೆಯವಲ್ಲ ಎಂದರು ಕೆಂಪಲಕ್ಷ್ಮಮ್ಮ. ತಾಂಬೂಲ ಇಟ್ಟು ಕದಿಯುವ ಕಳ್ಳನನ್ನು ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಗಂಗಾಧರಪ್ಪ ಕಂಡಿರಲಿಲ್ಲ.

"ಹಳೇದರಲ್ಲಿ ಯಾರ್ಯಾರಿದ್ರು ಅಮ್ಮ?"

ಮುದುಕಿಯ ಮುಖ ಅರಳಿತು. "ಐವತ್ತೇಳನೇ ಇಸವಿ. ಗೆಂಡೆಹಳ್ಳಿ ನನ್ನ ತವರು. ಈ ತಿಮ್ಮೇಶನ ನಾಮಕರಣ. ಬೇಲೂರಿಂದ ಫೋಟೋದೋರು ಬಂದಿದ್ರು, ಏನಂದ್ಕಂಡ್ರಿ!" ಒಬ್ಬೊಬ್ಬರ ಹೆಸರನ್ನೂ ಬೆರಳು ಮಡಚುತ್ತ ಹೇಳಿದರು. ಹದಿಮೂರಕ್ಕೆ ನಿಂತರು. "ಅಂಚಲ್ಲಿ ಇನ್ನೊಬ್ಬಳು ಹೆಂಗಸು. ಮಾಸೋಗಿತ್ತು. ಯಾರೋ, ನೆನಪಿಗೇ ಬರಲ್ಲ."

ಶ್ಯಾಮಲಾ ಹೊಸ ಫೋಟೋದ ತಲೆಗಳನ್ನು ಎಣಿಸಿದಳು. ಹದಿಮೂರೇ ಇದ್ದವು.

"ನಾನೇ ಅವಳನ್ನ ಅದರಿಂದ ತೆಗೆಸ್ದೆ ಸಾರ್," ಎಂದ ತಿಮ್ಮೇಶ್. "ಗುರುತಿಲ್ದೋರು ನಮ್ಮನೆ ಫೋಟೋದಲ್ಲಿ ಯಾಕೆ ಅಂತ."

ಕಳ್ಳನಿಗೆ ಬೇಕಾಗಿದ್ದದ್ದು ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದ ಆ ಹೆಂಗಸು. ಅಲ್ಲಿಗೆ ದಾರಿ ಸಿಕ್ಕಿತು. 2.15ಕ್ಕೆ ಜೀಪು ಹೊಸ ಫೋಟೋ ಮಾಡಿಕೊಟ್ಟ ಬೇಲೂರಿನ ಸ್ಟುಡಿಯೋ ಮುಂದೆ ನಿಂತಿತು. ಮಾಲೀಕ ಬಸವಕುಮಾರ್, ಅಳಿಸುವ ಮೊದಲು ತೆಗೆದಿದ್ದ ಒಂದು ಪ್ರಿಂಟನ್ನು ಡ್ರಾಯರಿನಿಂದ ತೆಗೆದ. ಶ್ಯಾಮಲಾ ಭೂತಗನ್ನಡಿ ಹಿಡಿದಳು.

"ಸರ್, ಕೈಯಲ್ಲಿ ಮೊರ ಇದೆ. ಮೊರದಲ್ಲಿ ಅಕ್ಕಿ, ಕಾಯಿ, ಹೊಸ ಸೀರೆ. ನಮ್ಮ ಕಡೆ ನಾಮಕರಣದ ದಿನ ಹಿಂಗೆ ಮೊರ ತುಂಬಿ ಕೊಡೋದು ಒಬ್ಬಳಿಗೇ, ಹೆರಿಗೆ ಮಾಡಿಸಿದೋಳಿಗೆ. ಇವಳು ಸೂಲಗಿತ್ತಿ."

"ಭೇಷ್ ಕಣಮ್ಮ!" ಗಂಗಾಧರಪ್ಪ ಬಾಯಿಬಿಟ್ಟು ಹೊಗಳಿದ್ದು ಆ ವರ್ಷದಲ್ಲಿ ಅದೇ ಮೊದಲು. ಬಸವಕುಮಾರನ ಕಡೆ ತಿರುಗಿದರು. "ಇದನ್ನ ಬೇರೆ ಯಾರಾದ್ರೂ ಕೇಳಿದ್ರಾ?"

"ಒಬ್ರು ಕೇಳಿದ್ರು ಸಾರ್. ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದಿದ್ರು, ಕಂಪ್ಯೂಟರಲ್ಲಿ ಇದನ್ನ ನೋಡಿ ಕೂತ್ಬಿಟ್ರು. ಒಂದು ಪ್ರಿಂಟ್ ಕೊಡಿ ಅಂದ್ರು. ಮನೆಯೋರು ಒಪ್ಪಲಿ ಅಂತ ಹಗರೆಗೆ ಕಳಿಸ್ದೆ." ರಸೀದಿಯಲ್ಲಿ ಹೆಸರಿತ್ತು: ತಮ್ಮಯ್ಯ, ಗೆಂಡೆಹಳ್ಳಿ.

ಹಗರೆಗೆ ಮರಳಿ ತಿಮ್ಮೇಶನನ್ನು ಮತ್ತೆ ಕೇಳಿದರು.

"ಬಂದಿದ್ದ ಸಾರ್, ಭಾನುವಾರ. ಅಳಿಸಿದ್ದಾಯ್ತು ಹೋಗು ಅಂದೆ. ಹಳೇದರ ಗಾಜು ಒಡೆದಿತ್ತು. ಗಾಜು ಒಡೆದ ಫೋಟೋ ಮನೇಲಿ ಇಡಬಾರದಲ್ಲ, ಯಗಚಿ ಹೊಳೆಗೆ ಬಿಡ್ತೀವಿ ಅಂತಾನೂ ಅಂದೆ. ಅವ್ವಂಗೆ ಹೇಳಿರ್ಲಿಲ್ಲ."

ಸಂಜೆ 4.50, ಗೆಂಡೆಹಳ್ಳಿ. ತಮ್ಮಯ್ಯನ ಮನೆಯ ಬಾಗಿಲು ತೆರೆದೇ ಇತ್ತು. ಫೋಟೋ ಎದುರು ಗೋಡೆಯಲ್ಲಿತ್ತು, ಒಡೆದ ಗಾಜಿನ ಮೇಲೆ ಕನಕಾಂಬರದ ಮಾಲೆ. ಐವತ್ತೆರಡರ ಗಾರೆ ಕೆಲಸದವನು, ಕೈ ತೊಳೆದುಕೊಂಡು ಬಂದು ನೆಟ್ಟಗೆ ನಿಂತ.

"ನೀನೇ ತೆಗೆದದ್ದಾ?"

"ನಾನೇ."

"ಯಾಕೆ?"

"ನಮ್ಮವ್ವ ಸಾರ್ ಅವಳು. ನನಗೆ ಹನ್ನೆರಡು ವರ್ಷ ಇದ್ದಾಗ ಹೋದ್ಲು. ಅವಳದೊಂದು ಫೋಟೋ ಐತೆ ಅಂತ್ಲೇ ನನಗೆ ಗೊತ್ತಿರ್ಲಿಲ್ಲ. ಹೊಳೆಗೆ ಹಾಕ್ತೀವಿ ಅಂದ್ರು. ಬಿಟ್ಟು ಬರಾಕಾಗ್ಲಿಲ್ಲ."

"ತಾಂಬೂಲ?"

"ಅವ್ವನ್ನ ಕರ್ಕಂಡು ಬರೋವಾಗ ಬರಿಗೈಲಿ ಹೋಗಕ್ಕಾಯ್ತದಾ?" ತಮ್ಮಯ್ಯ ತಲೆಯೆತ್ತಿದ. "ನಾನೂರು ಹೆರಿಗೆ ಮಾಡವ್ಳೆ ನಮ್ಮವ್ವ. ಒಂದು ತಾಯಿ ಸಾಯ್ಲಿಲ್ಲ. ಅದನ್ನೂ ಬರ್ಕಳಿ."

5.10ಕ್ಕೆ ದಸ್ತಗಿರಿ ಮಾಡಿ ಫೋಟೋ ಜಪ್ತಿ ಮಾಡಿದರು. ಆರೂವರೆಗೆ ಠಾಣೆಯಲ್ಲಿ ಮಾಲು ಗುರುತಿಸಲು ಬಂದ ಕೆಂಪಲಕ್ಷ್ಮಮ್ಮನಿಗೆ ಶ್ಯಾಮಲಾ ಭೂತಗನ್ನಡಿ ಕೊಟ್ಟು ಮೊರವನ್ನು ತೋರಿಸಿದಳು. ಮುದುಕಿ ಬಗ್ಗಿ ನೋಡಿದರು.

"ಅಯ್ಯೋ ನನ್ನವ್ವ! ಎರಡು ದಿನ ಬೇನೆ ತಿಂದಿದ್ದೆ. ಮಗು ಅಡ್ಡ ತಿರುಗಿತ್ತು. ಎಲ್ರೂ ಕೈಬಿಟ್ಟಿದ್ರು, ಇವಳೊಬ್ಬಳು ಬಿಡ್ಲಿಲ್ಲ." ಮಗನ ಕಡೆ ತಿರುಗಿದರು. "ಲೋ ತಿಮ್ಮೇಶ, ನಿನ್ನ ಮೊದಲು ಮುಟ್ಟಿದ ಕೈ ಕಣೋ ಅದು. ಅದನ್ನೇ ಅಳಿಸಿಬಿಟ್ಟಲ್ಲೋ!" ಆಮೇಲೆ ತಮ್ಮಯ್ಯನನ್ನು ಕೇಳಿದರು, "ಅವಳ ಹೆಸರೇನಪ್ಪ?"

"ಮಾರಮ್ಮ."

ಮರುದಿನ ತಮ್ಮಯ್ಯನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಜಾಮೀನು ನಿಲ್ಲುವವರು ಯಾರೆಂದು ಕೇಳಿದಾಗ, ತನ್ನ ಜಮೀನಿನ ಪಹಣಿ ಹಿಡಿದು ಮುಂದೆ ಬಂದವನು ತಿಮ್ಮೇಶ್.

ಕಾನೂನಿನ ಪ್ರಕಾರ ಅದು ಕಳ್ಳತನವೇ. ಗಂಗಾಧರಪ್ಪ ಹಾಗೆಯೇ ಬರೆದರು. ಆದರೆ ಕಡತದಲ್ಲಿ ಜಪ್ತಿ ಮಾಲಿನ ವಿವರಕ್ಕೆ "ಹಳೆಯ ಫೋಟೋ ಒಂದು" ಎಂದಷ್ಟೇ ಬರೆದರೆ ಸಾಕಿತ್ತು; ಅವರು ಅಷ್ಟಕ್ಕೇ ಬಿಡಲಿಲ್ಲ. ಫೋಟೋದಲ್ಲಿರುವ ಹದಿನಾಲ್ಕು ಜನರ ಹೆಸರನ್ನೂ ಬರೆದರು. ಕೆಂಪಲಕ್ಷ್ಮಮ್ಮ ಪಕ್ಕದಲ್ಲೇ ಕೂತು ಹೇಳಿ ಬರೆಸಿದ ಆ ಪಟ್ಟಿಯಲ್ಲಿ ಮೊದಲ ಹೆಸರು ಮಾರಮ್ಮನದು.