ನೀರಿನ ಸುತ್ತ ಒಂದು ಉಂಗುರ

"ಹಾಗಾದ್ರೆ ಆವತ್ತು ಕೊಂದಿದ್ದು ಯಾವುದು?"

ಕೇಳಿದ್ದು ಸೊಸೆ, ಕೇಳಿಸಿಕೊಳ್ಳಲು ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಅವಳ ಕೈಯಲ್ಲಿ ಗಾಜಿನ ತಟ್ಟೆ, ತಟ್ಟೆಯ ತುಂಬ ಹಾಲಿನ ಕೆನೆಯಂತೆ ಕ್ರಿಮಿ. ನಡುವೆ, ಗಾಯ ತೊಳೆಯುವ ದ್ರಾವಣದಲ್ಲಿ ಅದ್ದಿಟ್ಟ ಕಾಗದದ ಬಿಲ್ಲೆ. ದ್ರಾವಣಕ್ಕೆ ಕೊಲ್ಲುವ ಶಕ್ತಿ ಇದ್ದರೆ ಬಿಲ್ಲೆಯ ಸುತ್ತ ಕ್ರಿಮಿ ಬೆಳೆಯದೆ ತಿಳಿಯಾದ ಉಂಗುರ ಬೀಳಬೇಕು. ಇಲ್ಲಿ ಬಿಲ್ಲೆಯ ಅಂಚಿಗೇ ಕ್ರಿಮಿ ಹತ್ತಿ ಕೂತಿತ್ತು.

ಇದೇ ದ್ರಾವಣ ಹಿಂದಿನ ಪರೀಕ್ಷೆಯಲ್ಲಿ ಪಾಸಾಗಿತ್ತು. ಆಸ್ಪತ್ರೆಗೆ ಹೋಗಿತ್ತು. ಅಲ್ಲಿ ಮೂವರು ಗಾಯ ಕೊಳೆತು ಸತ್ತರು. ನಿನ್ನೆ ಅವಳ ಗಂಡನ ಕಾಲನ್ನು ತೊಡೆಯಿಂದ ಕೆಳಗೆ ಕತ್ತರಿಸಿ ತೆಗೆದಿದ್ದರು. ಅವನ ಮಂಚದ ಪಕ್ಕದ ಬಾಟಲಿಯನ್ನೇ ಅವಳು ತಂದು ಪರೀಕ್ಷಿಸಿದ್ದಳು.

ಮಧ್ಯಾಹ್ನ ತನಿಖಾಧಿಕಾರಿ ಬಂದ. ಸಣಕಲು ಮನುಷ್ಯ, ಕಣ್ಣು ಮುಚ್ಚಿಕೊಂಡು ಕೇಳುವ ಅಭ್ಯಾಸ.

"ಹಿಂದಿನ ತಟ್ಟೆ ಹಾಕಿದ್ದು ಯಾರು?"

"ನಾನೇ ಸಾರ್," ಎಂದಳು ಸೊಸೆ. "ಆವತ್ತೇ ನಮ್ಮೆಜಮಾನ್ರಿಗೆ ಆಕ್ಸಿಡೆಂಟ್ ಆಯ್ತು, ಆಸ್ಪತ್ರೆಗೆ ಓಡಿದೆ. ಮಾರನೇ ದಿನ ಉಂಗುರ ಅಳೆದಿದ್ದು ಮಾವ."

ಮಾವ ಪ್ರಯೋಗಾಲಯದ ಮುಖ್ಯಸ್ಥ. ಇಸ್ತ್ರಿ ಮುರಿಯದ ಬಿಳಿ ಕೋಟು.

"ಉಂಗುರ ಇಷ್ಟಗಲ ಇತ್ತು. ಪಾಸು ಮಾಡಿದೆ. ಇವಳು ದ್ರಾವಣದ ಬದಲು ಇನ್ನೇನೋ ಇಟ್ಟಿದ್ರೆ ನಾನೇನ್ ಮಾಡ್ಲಿ? ಮನೆ ಸೊಸೆ ಅಂತ ಮುಚ್ಚಿಡೋಕಾಗುತ್ತಾ? ಕರ್ಕೊಂಡು ಹೋಗಿ."

"ನಾನಾ? ಮಾವ, ನಿಮ್ಮ ಮಗ ಅಲ್ಲಿ—"

"ನಿನ್ನ ಕೈಯಲ್ಲಾದ ತಪ್ಪನ್ನ ಕಾಲಿಲ್ಲದವನ ಹೆಸರಲ್ಲಿ ತೊಳ್ಕೋಬೇಡ."

ಮೂಲೆಯಲ್ಲಿ ನಿಂತಿದ್ದ ಸಹಾಯಕ ಗಂಟಲು ಸರಿಮಾಡಿಕೊಂಡ.

"ಅಮ್ಮಾವ್ರು ಅಂಥೋರಲ್ಲ ಸಾರ್."

"ನೀನ್ಯಾರಪ್ಪ?"

"ಈ ತಟ್ಟೆಗಳಿಗೆ ಕ್ರಿಮಿ ತಿನ್ನೋ ಅಡುಗೆ ಬೇಯಿಸಿ ಹುಯ್ಯೋನು. ಎಲ್ರೂ ಅನ್ನದಾತ ಅಂತಾರೆ. ಉಂಡೋರು ಯಾರೂ ಇವತ್ತಿನವರೆಗೆ ಉಪ್ಪು ಕಮ್ಮಿ ಅಂದಿಲ್ಲ."

ಅಧಿಕಾರಿ ನಗಲಿಲ್ಲ. "ಆ ಹಳೇ ತಟ್ಟೆ ಎಲ್ಲಿ?"

"ಆವಿಯಲ್ಲಿ ಬೇಯಿಸಿ ಎಸೆದಾಯ್ತು," ಎಂದ ಮಾವ.

"ಎಲ್ಲಿ ಸಾರ್? ಬೇಯಿಸೋ ಕುಕ್ಕರ್ ಕೆಟ್ಟು ಕೂತಿದೆ. ಎಲ್ಲಾ ಫ್ರಿಜ್ಜಲ್ಲೇ ಇದೆ," ಎಂದ ಅನ್ನದಾತ.

ಮಾವನ ಕೈ ಕೋಟಿನ ಗುಂಡಿಗೆ ಹೋಯಿತು.

"ಹೋಲಿಸಿ ನೋಡೋಕೆ ಬರೀ ನೀರನ್ನೂ ಇಡ್ತೀರಂತೆ?" ಅಧಿಕಾರಿ ಮಾವನನ್ನು ಕೇಳಿದ.

"ಇಡದೆ?" ಎಂದ ಮಾವ. "ತಟ್ಟೇಲಿ ಒಂದು ಗುಣಿ ಕೊರೆದು ನೀರು ಹನಿಸ್ತೀವಿ. ಅದರ ಸುತ್ತ ಕ್ರಿಮಿ ಸೊಂಪಾಗಿ ಬೆಳೆದಿತ್ತು. ಕಣ್ಣಾರೆ ನೋಡಿದ್ದೀನಿ."

ಅಧಿಕಾರಿ ಕಣ್ಣು ತೆರೆದ. ಅಂದೇ ಕೋಣೆಗಳನ್ನೆಲ್ಲ ಶೋಧಿಸಿದ. ಅನ್ನದಾತನಿಂದ ಕೆಲವು ಹೊಸ ತಟ್ಟೆ ಹಾಕಿಸಿದ.

ಮರುದಿನ ಬೆಳಿಗ್ಗೆ ಹಳೆಯ ತಟ್ಟೆಯನ್ನು ಮಾವನ ಮುಂದಿಟ್ಟ.

"ಗುಣಿ ಎಲ್ಲಿದೆ, ತೋರಿಸಿ."

ಮಾವ ಬಾಗಿ ನೋಡಿದ. ಗುಣಿ ಇರಲಿಲ್ಲ.

"ಗುಣಿ ಕೊರೆಯೋದು ಬಿಟ್ಟು ವರ್ಷಗಳಾದ್ವು," ಎಂದಳು ಸೊಸೆ. "ಈಗ ನೀರಿಗೂ ಬಿಲ್ಲೇನೇ. ದ್ರಾವಣಕ್ಕೆ ಬಿಲ್ಲೆ ತೆಗೆಯೋ ಅದೇ ಶೀಶೆಯಿಂದ."

"ಆ ನೀರಿನ ಬಿಲ್ಲೆ ನೋಡಿ," ಎಂದ ಅಧಿಕಾರಿ. "ಅದರ ಸುತ್ತಲೂ ಉಂಗುರ! ನೀರು ಕ್ರಿಮಿ ಕೊಲ್ಲುತ್ತಾ? ನೀವು ದ್ರಾವಣದ ಬಿಲ್ಲೆ ಅಳೆದ್ರಿ, ನೀರಿನ ಕಡೆ ತಿರುಗೂ ನೋಡ್ಲಿಲ್ಲ. ಕೊಂದಿದ್ದು ದ್ರಾವಣ ಅಲ್ಲ — ಕಾಗದ. ಶೀಶೆಯಲ್ಲಿದ್ದ ಅಷ್ಟೂ ಬಿಲ್ಲೆಗಳನ್ನ ಮೊದಲೇ ಕ್ರಿಮಿ ಕೊಲ್ಲೋ ಕಡು ಔಷಧಿಯಲ್ಲಿ ನೆನೆಸಿ ಒಣಗಿಸಿದ್ದಾರೆ. ಆ ಶೀಶೆ ಕಾಣ್ತಿಲ್ಲ ಅಂತ ನಿಮ್ಮ ಸೊಸೆ ಈ ಸಲ ಹೊಸದು ತೆಗೆದ್ರು. ಹಳೇದು ನನಗೆ ಸಿಕ್ಕಿದ್ದು ನಿಮ್ಮ ಬೀರುವಿನಲ್ಲಿ. ನಿನ್ನೆ ಅದರ ಬಿಲ್ಲೆಗಳನ್ನ ಬರೀ ನೀರಲ್ಲಿ ಅದ್ದಿ ಇಡಿಸಿದೆ. ಒಂದೊಂದರ ಸುತ್ತಲೂ ಉಂಗುರ."

"ಬೀರುಗೆ ಯಾರು ಬೇಕಾದ್ರೂ—"

"ನಿಮ್ಮ ಸೊಸೆ, ಈ ಅನ್ನದಾತ ಇಬ್ಬರೂ ದಿನಾ ಬಿಲ್ಲೆ ಇಡೋರು. ಇಡೀ ಶೀಶೆ ಕೆಡಿಸಿದ್ರೆ ನೀರಿನ ಬಿಲ್ಲೆಯೇ ಹಿಡ್ಕೊಡುತ್ತೆ ಅಂತ ಬಲ್ಲವರು. ನೀರನ್ನ ಈಗಲೂ ಗುಣಿಗೇ ಹನಿಸ್ತಾರೆ ಅಂತ ನಂಬಿದವರು ಒಬ್ಬರೇ. ಇಲ್ಲದ ಗುಣಿಯನ್ನ ಕಣ್ಣಾರೆ ಕಂಡವರೂ ಅವರೊಬ್ಬರೇ — ನೀವು."

ಮಾವ ಕುರ್ಚಿ ಎಳೆದು ಕೂತ. "ಪಾಸಾಗದಿದ್ರೆ ದ್ರಾವಣ ಮಾಡೋ ಕಂಪನಿಯವರು ಪರೀಕ್ಷೆಗೆ ಬೇರೆ ಕಡೆ ಹೋಗ್ತಿದ್ರು. ಈ ಬಾಗಿಲು ಮುಚ್ಚಬೇಕಾಗ್ತಿತ್ತು. ಆಮೇಲೆ ಹೇಳೋಣ ಅಂದ್ರೆ... ಹೇಗೆ ಹೇಳ್ಲಿ?"

"ದಿನಾ ಸಂಜೆ ಆಸ್ಪತ್ರೆಗೆ ಬರ್ತಿದ್ರಿ," ಎಂದಳು ಸೊಸೆ. ದನಿ ಏರಲಿಲ್ಲ. "ನರ್ಸ್ ಅದೇ ಬಾಟ್ಲಿಯಿಂದ ತೊಳೀತಿದ್ರೆ ಮಗನ ತಲೆ ಸವರ್ತಾ ಕೂತಿದ್ರಿ. 'ಅಪ್ಪಾ, ಉರೀತಿದೆ' ಅಂದ್ರು ಅವರು. ನೀವೇನಂದ್ರಿ?"

ಮಾವ ಬಿಳಿ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ.

"'ಉರಿದ್ರೆ ಮಾಯ್ತಿದೆ ಅಂತ ಅರ್ಥ, ತಡ್ಕೋ' ಅಂದ್ರಿ."

ಪೊಲೀಸರು ಒಳಬಂದರು. ಬಾಗಿಲ ಬಳಿ ಮಾವ ತಿರುಗಿ ನಿಂತ, ಕೈ ಜೋಡಿಸಿದ.

"ಒಂದೇ ಸಲ ಅವನ ಮುಖ ನೋಡ್ಕೊಂಡು ಹೋಗ್ತೀನಮ್ಮ. ಅವನಿಗೇನೂ ಹೇಳ್ಬೇಡ. ದೂರದಿಂದ ನೋಡ್ತೀನಿ, ಅಷ್ಟೇ. ಹೆತ್ತ ಕರುಳು ಕಣಮ್ಮ."

ಅಧಿಕಾರಿ ಅವಳತ್ತ ನೋಡಿದ. "ಆಸ್ಪತ್ರೆ ದಾರಿಯಲ್ಲೇ ಇದೆ. ನೀವು ಒಪ್ಪಿದ್ರೆ ನಿಲ್ಲಿಸ್ತೀನಿ."

"ಒಪ್ಪಲ್ಲ," ಎಂದಳು ಸೊಸೆ.